ಕಣ್ಣಿನ ಬೇಸರ, ಕೈಯ ಬೇಸರ

ಪ್ರತಿ ತಿಂಗಳು 14ನೇ ತಾರೀಕು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಸಿದ್ಧವಾಗುತ್ತದೆ. ಮಾರಿದವರು ತೋರಿಸಿದ ಬಿಲ್‌ಗಳನ್ನು ಕೊಂಡವರ ಹೆಸರಿನಲ್ಲಿ ಸೇರಿಸಿದ ಪಟ್ಟಿ ಅದು. 20ರೊಳಗೆ 3ಬಿ, ಅಂದರೆ ಹಿಂದಿನ ತಿಂಗಳ ತೆರಿಗೆ ಲೆಕ್ಕದ ರಿಟರ್ನ್, ಸಲ್ಲಿಸಬೇಕು. ನಡುವೆ ಸಿಗುವ ಆ ಐದಾರು ದಿನ ರಾಜಾಜಿನಗರದ ನಮ್ಮ ಆಡಿಟರ್ ಆಫೀಸಿನಲ್ಲಿ ಮಾತು ಕಡಿಮೆ. ಎಲ್ಲರ ಮುಂದೆಯೂ ಎರಡು ಪಟ್ಟಿ ಇರುತ್ತವೆ. ಒಂದು, ಪಾರ್ಟಿಯ (ನಮ್ಮ ಗ್ರಾಹಕರ) ಟ್ಯಾಲಿಯಿಂದ, ಅಂದರೆ ಲೆಕ್ಕ ಇಡುವ ಸಾಫ್ಟ್‌ವೇರ್‌ನಿಂದ ತೆಗೆದ ಪರ್ಚೇಸ್ ರಿಜಿಸ್ಟರ್, ಕೊಂಡ ಬಿಲ್‌ಗಳ ಪಟ್ಟಿ. ಇನ್ನೊಂದು 2ಬಿ. ಇಲ್ಲಿರುವ ಬಿಲ್ ಅಲ್ಲಿ ಇದೆಯಾ? ನಂಬರ್ ಸರಿಯಾ? ತೆರಿಗೆ ಮೊತ್ತ ಸರಿಯಾ? ಸರಿ ಇದ್ದರೆ ಟಿಕ್. ಮುಂದಿನ ಸಾಲು. ಸರಿ ಇದ್ದರೆ ಟಿಕ್. ಮುಂದಿನ ಸಾಲು.

ಈ ಕೆಲಸ ವರ್ಷಗಳಿಂದ ಮಾಡುತ್ತಿದ್ದೇನೆ. ಹೊಸದಾಗಿ ಸೇರುವ ಬಿ.ಕಾಂ. ಹುಡುಗ ಹುಡುಗಿಯರಿಗೆ, ಸಿಎ ಓದುತ್ತಾ ಆರ್ಟಿಕಲ್‌ಶಿಪ್ ತರಬೇತಿಗೆ ಬಂದವರಿಗೆ ಕಲಿಸುವುದೂ ನಾನೇ. ಸೇರಿದ ಒಂದೆರಡು ತಿಂಗಳಿಗೆ ಎಲ್ಲರೂ ಒಂದು ಮಾತು ಕೇಳುತ್ತಾರೆ. "ಅಕ್ಕಾ, ನಿಮಗೆ ಬೋರ್ ಆಗಲ್ವಾ?"

ಆಗುತ್ತದೆ. ಹಾಗಂತಲೇ ಹೇಳುತ್ತೇನೆ. ಬೇಸರ ಬರುವುದಿಲ್ಲ ಎಂದು ಹೇಳಿದರೆ ಅವರು ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಪ್ರಶ್ನೆ ಇರುವುದು ಬೇಸರ ಬಂದಾಗ ಕೆಲಸ ಹೇಗೆ ಸಾಗಬೇಕು ಅನ್ನುವುದರಲ್ಲಿ. ಅದಕ್ಕೆ ಸಲಹೆಗಳು ಬೇಕಾದಷ್ಟಿವೆ. ಹಾಡು ಕೇಳು. ಟೈಮರ್ ಇಟ್ಟುಕೋ. ಎದ್ದು ಓಡಾಡು. ಸುಲಭದ ಕೆಲಸ ಅಲ್ವಾ, ಸುಸ್ತಾದ ಹೊತ್ತಿಗೆ ಇಟ್ಟುಕೋ. ಇವೆಲ್ಲವನ್ನೂ ಮಾಡಿ ನೋಡಿದ್ದೇನೆ. ಒಂದೇ ಸಲಹೆ ಒಂದು ಕೆಲಸಕ್ಕೆ ಆಗಿಬರುತ್ತದೆ, ಇನ್ನೊಂದನ್ನು ಕೆಡಿಸುತ್ತದೆ. ಯಾಕೆಂದರೆ ಬೇಸರದ ಕೆಲಸಗಳೆಲ್ಲ ಒಂದೇ ಜಾತಿಯವಲ್ಲ. ಕೈಯನ್ನು ಮಾತ್ರ ಕೇಳುವ ಕೆಲಸ ಬೇರೆ. ಕಣ್ಣನ್ನು ಕೇಳುವ ಕೆಲಸ ಬೇರೆ.

ಕೈ ಕೆಲಸಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಅವರೆಬೇಳೆ ಹಿತಕುವುದು. ಚಳಿಗಾಲ ಬಂದರೆ ಬೆಂಗಳೂರಿನ ಮನೆಗಳಲ್ಲಿ ಇದು ತಪ್ಪಿದ್ದಲ್ಲ. ಕಾಯಿ ಸುಲಿಯಬೇಕು. ಕಾಳನ್ನು ನೆನೆಹಾಕಬೇಕು. ಆಮೇಲೆ ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಒಂದು ಮನೆಯ ಸಾರಿಗೆ ಸಾಕಾಗುವಷ್ಟು ಮಾಡಲು ಎಷ್ಟು ಹೊತ್ತು ಬೇಕು ಅಂತ ಮಾಡಿದವರಿಗೇ ಗೊತ್ತು. ಆದರೂ ಅದನ್ನು ಯಾರೂ ಶಿಕ್ಷೆ ಅನ್ನುವುದಿಲ್ಲ. ನಾಲ್ಕು ಜನ ಪಾತ್ರೆ ಸುತ್ತ ಕೂತರೆ ಮಾತು ತಾನಾಗಿ ಬರುತ್ತದೆ. ಯಾರ ಮದುವೆ, ಯಾರ ಮನೆ ಬಾಡಿಗೆ ಏರಿತು, ಯಾರ ಮಗ ಯಾವ ಕಾಲೇಜು. ಬೆರಳು ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಮನಸ್ಸಿಗೆ ಪೂರ್ತಿ ರಜ.

ಇಂಥ ಕೆಲಸಕ್ಕೆ ಹಾಡು ಬೇಕು, ಮಾತು ಬೇಕು. ಯುದ್ಧಕಾಲದ ಬ್ರಿಟನ್ನಿನಲ್ಲಿ ಬಿಬಿಸಿ 1940ರ ಜೂನ್‌ನಲ್ಲಿ ಕಾರ್ಖಾನೆಯ ಕೆಲಸಗಾರರಿಗೆಂದೇ ಸಂಗೀತ ಪ್ರಸಾರ ಶುರು ಮಾಡಿತು. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ. ಕೈ ಓಡುವಾಗ ಕಿವಿಗೆ ಏನಾದರೂ ಇದ್ದರೆ ಹೊತ್ತು ಹೋಗುತ್ತದೆ ಅನ್ನುವುದು ನಮ್ಮ ಬೀಸುವ ಕಲ್ಲಿನ ಹೆಂಗಸರಿಗೆ ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು. ಆಫೀಸಿನಲ್ಲೂ ಈ ಜಾತಿಯ ಕೆಲಸ ಇದೆ. ಬಿಲ್‌ಗಳನ್ನು ಸ್ಕ್ಯಾನ್ ಮಾಡುವುದು, ಪಂಚ್ ಹೊಡೆದು ಫೈಲಿಗೆ ಹಾಕುವುದು, ಹಳೆಯ ಫೈಲುಗಳನ್ನು ವರ್ಷದ ಪ್ರಕಾರ ಜೋಡಿಸುವುದು. ಇದಕ್ಕೆ ಇಯರ್‌ಫೋನ್ ಹಾಕಿಕೊಳ್ಳಿ, ಪಕ್ಕದವರ ಜೊತೆ ಹರಟೆ ಹೊಡೆಯಿರಿ. ಏನೂ ನಷ್ಟವಿಲ್ಲ.

ನನ್ನ ಚಿಂತೆ ಎರಡನೇ ಜಾತಿಯದು.

2ಬಿ ನೋಡುವುದು ಕಣ್ಣಿನ ಕೆಲಸ. ಇಲ್ಲಿ ಮನಸ್ಸಿಗೆ ರಜ ಇಲ್ಲ, ಊಟವೂ ಇಲ್ಲ. ಬೇರೆ ಕಡೆ ಹೋಗುವ ಹಾಗಿಲ್ಲ, ಇಲ್ಲಿ ಇದ್ದರೆ ತಿನ್ನಲು ಏನೂ ಸಿಗುವುದಿಲ್ಲ. ಬಿಲ್‌ಗಳಲ್ಲಿ ಹೆಚ್ಚಿನವು ಸರಿಯಾಗೇ ಇರುತ್ತವೆ. ಎಲ್ಲೋ ಒಂದು ಕಡೆ ತಪ್ಪು. ಆ ಒಂದಕ್ಕಾಗಿ ಉಳಿದೆಲ್ಲವನ್ನೂ ನೋಡಬೇಕು. ಮಗ್ಗದಿಂದ ಬಂದ ಬಟ್ಟೆ ನೋಡುವವರು, ಸಿಸಿಟಿವಿ ಮುಂದೆ ಕೂರುವ ಸೆಕ್ಯುರಿಟಿಯವರು, ವಿಮಾನ ನಿಲ್ದಾಣದಲ್ಲಿ ಬ್ಯಾಗಿನ ಎಕ್ಸ್‌ರೇ ನೋಡುವವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಚಿತ್ರಗಳಿಗೆ ಲೇಬಲ್ ಹಾಕುವವರು, ಎಲ್ಲರದೂ ಇದೇ ಕಥೆ.

ಇದು ಸೋಮಾರಿತನದ ವಿಷಯವಲ್ಲ ಎಂದು ತೋರಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರೇಡಾರ್ ನೋಡುವವರು ಹೊತ್ತು ಹೋದ ಹಾಗೆ ಪರದೆಯ ಮೇಲಿನ ಗುರುತುಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ಕಾರಣ ಹುಡುಕಲು ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಒಂದು ಗಡಿಯಾರ ಮಾಡಿಸಿದರು. ಅದರಲ್ಲಿ ಅಂಕಿ ಇಲ್ಲ, ಒಂದೇ ಮುಳ್ಳು. ಸೆಕೆಂಡಿಗೊಮ್ಮೆ ಅದು ಒಂದು ಹೆಜ್ಜೆ ಇಡುತ್ತದೆ. ಅಪರೂಪಕ್ಕೆ ಒಮ್ಮೆಲೇ ಎರಡು ಹೆಜ್ಜೆ ಹಾರುತ್ತದೆ. ಹಾಗೆ ಹಾರಿದಾಗ ಬಟನ್ ಒತ್ತಬೇಕು. ಹೀಗೆ ಎರಡು ಗಂಟೆ. 1948ರಲ್ಲಿ ಅವರು ಇದರ ಬಗ್ಗೆ ಬರೆದರು. ಮೊದಲ ಅರ್ಧ ಗಂಟೆ ಜನ ಚೆನ್ನಾಗಿ ಗುರುತಿಸಿದರು. ಅರ್ಧ ಗಂಟೆ ಕಳೆದ ಮೇಲೆ ತಪ್ಪಿಸಿಕೊಳ್ಳುವುದು ಜಾಸ್ತಿಯಾಯಿತು. ಕೂತವರೆಲ್ಲ ಗಟ್ಟಿಮುಟ್ಟಾದ ಸೇನೆಯ ಹುಡುಗರು. ಮನುಷ್ಯನ ಗಮನಕ್ಕೇ ಇರುವ ಮಿತಿ ಅದು.

ಮೊದಮೊದಲು ನಮ್ಮ ಹುಡುಗರು ಬೆಳಗ್ಗೆ ಹತ್ತಕ್ಕೆ ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದರು. ಅದನ್ನು ಶ್ರದ್ಧೆ ಎಂದು ಎಲ್ಲರೂ ಮೆಚ್ಚುತ್ತಿದ್ದರು. ಅವರ ಶ್ರದ್ಧೆ ನಿಜವೇ. ಆದರೆ ಹನ್ನೊಂದರ ಮೇಲೆ ಹಾಕಿದ ಟಿಕ್‌ಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಈಗ ಅರ್ಧ ಗಂಟೆಗೊಮ್ಮೆ ಕಣ್ಣು ಎತ್ತಲೇಬೇಕು ಎಂದು ಹೇಳುತ್ತೇನೆ. ಎತ್ತಿ ಫೋನ್ ನೋಡಬಾರದು. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಎದ್ದು ಆ ಫೈಲಿನ ಕೈ ಕೆಲಸ ಮಾಡಿ. ಸ್ಕ್ಯಾನ್ ಮಾಡಿ, ಪಂಚ್ ಹೊಡೆಯಿರಿ, ಬಾಟಲಿಗೆ ನೀರು ತುಂಬಿಕೊಂಡು ಬನ್ನಿ. ಫೋನಿನ ಪರದೆಯೂ ಕಣ್ಣಿನ ಕೆಲಸವೇ. ಮೂವತ್ತು ಸೆಕೆಂಡಿಗೊಂದು ಹೊಸ ವಿಡಿಯೋ ನೋಡಿದ ಕಣ್ಣಿಗೆ ವಾಪಸ್ ಬಂದಾಗ ಪರ್ಚೇಸ್ ರಿಜಿಸ್ಟರ್ ಇನ್ನಷ್ಟು ಸಪ್ಪೆ ಕಾಣುತ್ತದೆ. ಫೋನ್ ಮೇಜಿನ ಮೇಲೆ ಬೋರಲು ಇಟ್ಟರೂ ಸಾಲದು. ಬ್ಯಾಗಿನೊಳಗೆ ಹೋಗಬೇಕು.

ಇದೇ ಕಾರಣಕ್ಕೆ, ಬೇಸರದ ಕೆಲಸವನ್ನು ಸುಸ್ತಾದ ಹೊತ್ತಿಗೆ ಇಟ್ಟುಕೊಳ್ಳಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಷ್ಟದ ಕೆಲಸ ನಮ್ಮನ್ನು ತಾನೇ ಎಬ್ಬಿಸುತ್ತದೆ. ಇನ್‌ಕಮ್ ಟ್ಯಾಕ್ಸ್ ನೋಟಿಸಿಗೆ ಉತ್ತರ ಬರೆಯುವಾಗ ಮಧ್ಯಾಹ್ನ ಮೂರಾದರೂ ನಿದ್ದೆ ಬರುವುದಿಲ್ಲ. ಸಾಲು ನೋಡುವ ಕೆಲಸ ಯಾರನ್ನೂ ಎಬ್ಬಿಸುವುದಿಲ್ಲ. ಎಚ್ಚರವನ್ನು ನಾವೇ ಮನೆಯಿಂದ ತರಬೇಕು. ಹಾಗಾಗಿ 2ಬಿಗೆ ಬೆಳಗಿನ ಹೊತ್ತು. ಅನ್ನ ಸಾರು ಊಟ ಮಾಡಿದ ಮೇಲಿನ ಒಂದು ಗಂಟೆ ಫೈಲು ಜೋಡಿಸುವುದಕ್ಕೆ.

ಇನ್ನೊಂದು ಸಂಶೋಧನೆ ನಮ್ಮ ಕೆಲಸದ ಕ್ರಮವನ್ನೇ ಬದಲಿಸಿತು. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಅವರ ಜೊತೆಗಾರರು ಬ್ಯಾಗಿನ ಎಕ್ಸ್‌ರೇ ಥರದ ಚಿತ್ರಗಳನ್ನು ಜನರಿಗೆ ಕೊಟ್ಟು, ಅದರಲ್ಲಿ ಒಂದು ಬಗೆಯ ವಸ್ತು ಹುಡುಕಲು ಹೇಳಿದರು. ಅರ್ಧದಷ್ಟು ಚಿತ್ರಗಳಲ್ಲಿ ಆ ವಸ್ತು ಇದ್ದಾಗ ಜನ ಶೇ. 7ರಷ್ಟನ್ನು ಮಾತ್ರ ತಪ್ಪಿಸಿಕೊಂಡರು. ನೂರು ಚಿತ್ರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಶೇ. 30ರಷ್ಟು ತಪ್ಪಿಹೋಯಿತು. ಹುಡುಕುವ ವಸ್ತು ಅಪರೂಪವಾದಷ್ಟೂ ಕಣ್ಣು "ಇಲ್ಲ" ಎಂದು ಬೇಗ ಹೇಳಿಬಿಡುತ್ತದೆ. ಓದಿದಾಗ ನಮ್ಮ ಮೇಜಿನ ಬಗ್ಗೆಯೇ ಬರೆದ ಹಾಗಿತ್ತು. ಸರಿ, ಸರಿ, ಸರಿ ಎಂದು ಟಿಕ್ ಹಾಕುತ್ತಾ ಹೋದಾಗ ಕೈಗೆ ಸರಿ ಎನ್ನುವುದೇ ಅಭ್ಯಾಸವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಸರಿ ಇರುವುದನ್ನು ಕಣ್ಣಿನ ಮುಂದಿನಿಂದಲೇ ತೆಗೆಯಬೇಕು. ಈಗ ನಾವು ಎರಡೂ ಪಟ್ಟಿಗಳನ್ನು ಎಕ್ಸೆಲ್‌ಗೆ ತಂದು, ಜಿಎಸ್‌ಟಿಐಎನ್ (ವ್ಯಾಪಾರಿಯ ಜಿಎಸ್‌ಟಿ ನೋಂದಣಿ ಸಂಖ್ಯೆ), ಬಿಲ್ ನಂಬರ್, ತೆರಿಗೆ ಮೊತ್ತ ಮೂರೂ ಸೇರಿಸಿ ವಿ-ಲುಕಪ್ ಹಾಕುತ್ತೇವೆ. ಒಂದು ಪಟ್ಟಿಯ ಸಾಲನ್ನು ಇನ್ನೊಂದರಲ್ಲಿ ಹುಡುಕಿಕೊಡುವ ಸೂತ್ರ ಅದು. ಅಕ್ಷರಕ್ಕೆ ಅಕ್ಷರ ಹೊಂದಿದ ಸಾಲುಗಳನ್ನು ಮುಚ್ಚಿಡುತ್ತೇವೆ. ಉಳಿದದ್ದು ಸಣ್ಣ ಪಟ್ಟಿ. ಅದರಲ್ಲಿ ಪ್ರತಿ ಸಾಲಿಗೂ ಒಂದು ಕಾರಣ ಇದೆ. ಪುಸ್ತಕದಲ್ಲಿ 0145 ಅಂತ ಇದ್ದರೆ 2ಬಿಯಲ್ಲಿ 145. ಅಥವಾ ಸಪ್ಲೈಯರ್ ತಡವಾಗಿ ರಿಟರ್ನ್ ಹಾಕಿದ್ದಾರೆ, ಬಿಲ್ ಮುಂದಿನ ತಿಂಗಳು ಬರುತ್ತದೆ. ಅಥವಾ ಹೊಸೂರಿನಿಂದ ಬಂದ ಮಾಲಿಗೆ ನಮ್ಮ ಹುಡುಗ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎಂಟ್ರಿ ಮಾಡಿದ್ದಾನೆ. ಹೊಸೂರು ಬೆಂಗಳೂರಿಗೆ ಎಷ್ಟೇ ಹತ್ತಿರವಿದ್ದರೂ ತಮಿಳುನಾಡು. ಅಲ್ಲಿನ ಜಿಎಸ್‌ಟಿಐಎನ್ 33ರಿಂದ ಶುರುವಾಗುತ್ತದೆ, ನಮ್ಮದು 29ರಿಂದ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ರಾಜ್ಯದೊಳಗಿನ ಮಾರಾಟಕ್ಕೆ. ಬೇರೆ ರಾಜ್ಯದಿಂದ ಬಂದದ್ದಕ್ಕೆ ಐಜಿಎಸ್‌ಟಿ ಬರಬೇಕು. ಈ ಸಣ್ಣ ಪಟ್ಟಿಯ ಮುಂದೆ ಯಾರಿಗೂ ತೂಕಡಿಕೆ ಬರುವುದಿಲ್ಲ. ಪ್ರತಿ ಸಾಲೂ ಬಿಡಿಸಬೇಕಾದ ಒಗಟು.

ಎಲ್ಲವನ್ನೂ ಕಂಪ್ಯೂಟರಿಗೆ ಕೊಡಲು ಆಗುವುದಿಲ್ಲ. ಕೈಬರಹದ ಬಿಲ್ ಇದೆ. ಎಸ್.ಪಿ. ರೋಡಿನ ಸಣ್ಣ ಹಾರ್ಡ್‌ವೇರ್ ಅಂಗಡಿಯ ಬಿಲ್‌ನಲ್ಲಿ 1 ಮತ್ತು 7 ಒಂದೇ ಥರ ಕಾಣುತ್ತವೆ. ಅಂಥದ್ದಕ್ಕೆ ಹಳೆಯ ಆಡಿಟ್ ಆಫೀಸುಗಳ ಪದ್ಧತಿಯೇ ಸರಿ. ಒಬ್ಬರು ಬಿಲ್ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ರಿಜಿಸ್ಟರಿನಲ್ಲಿ ಬೆರಳಿಟ್ಟು ಟಿಕ್ ಹಾಕುವುದು. ಸ್ವಲ್ಪ ಹೊತ್ತಿಗೆ ಅದಲು ಬದಲು. ಇಬ್ಬರ ಸಮಯ ಸುಮ್ನೆ ಹೋಗುತ್ತದೆ ಎಂದು ಇದನ್ನು ಎಷ್ಟೋ ಕಡೆ ಬಿಟ್ಟುಬಿಟ್ಟರು. ನನಗೆ ಹಾಗನ್ನಿಸುವುದಿಲ್ಲ. ಬಾಯಿ, ಕಿವಿ, ಬೆರಳು ಎಲ್ಲ ಸೇರಿಕೊಂಡರೆ ಕಣ್ಣು ಒಂಟಿಯಾಗುವುದಿಲ್ಲ. ಜಪಾನಿನ ರೈಲು ಚಾಲಕರು ಸಿಗ್ನಲ್ ಕಂಡಾಗಲೆಲ್ಲ ಅದರ ಕಡೆ ಬೆರಳು ತೋರಿಸಿ ಬಾಯಿಬಿಟ್ಟು ಹೇಳುತ್ತಾರೆ. ಒಬ್ಬರೇ ಇದ್ದರೂ ಹೇಳುತ್ತಾರೆ. ದಿನಾ ನೋಡುವ ಸಿಗ್ನಲ್ಲನ್ನು ನೋಡದೇ ದಾಟಿಬಿಡುವ ಅಪಾಯ ಅವರಿಗೆ ಗೊತ್ತು. ನಾನೂ ಒಬ್ಬಳೇ ಕೂತಾಗ ಜಿಎಸ್‌ಟಿಐಎನ್‌ನ ಹದಿನೈದು ಅಕ್ಷರಗಳನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳುತ್ತೇನೆ. ಮೊದಲೆರಡು ರಾಜ್ಯದ್ದು, ಆಮೇಲಿನ ಹತ್ತು ಪ್ಯಾನ್, ಕೊನೆಯ ಮೂರು. ಹೀಗೆ ತುಂಡು ಮಾಡಿ ಹೇಳಿದರೆ ಕಣ್ಣು ಜಾರುವುದಿಲ್ಲ.

ಅಂದ ಹಾಗೆ, ಕಣ್ಣಿನ ಕೆಲಸಕ್ಕೆ ಹಾಡು ಬೇಡವೇ ಬೇಡ ಅಂತಲ್ಲ. ಮಾತಿರುವ ಹಾಡು ಬೇಡ. ಭಾವಗೀತೆ ನನಗೆ ಪ್ರಾಣ. ಆದರೆ ಅದರ ಸಾಲು ಕಿವಿಗೆ ಬಿದ್ದರೆ ಬಿಲ್ ನಂಬರ್ ಅಲ್ಲೇ ಮರೆತುಹೋಗುತ್ತದೆ. ವೀಣೆಯೋ ಕೊಳಲೋ ಆದರೆ ಪರವಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ವಿಷಯ ಬಿಟ್ಟರೆ ಕೆಲಸ ಒಣಗಿಹೋಗುತ್ತದೆ. ಈ ಸಾಲು ಯಾರದು ಅನ್ನುವುದು. 2022ರ ಜನವರಿಯಿಂದ ನಿಯಮ ಬಿಗಿಯಾಗಿದೆ. ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿ, ಅದು 2ಬಿಯಲ್ಲಿ ಬಂದರೆ ಮಾತ್ರ ಕೊಂಡವರಿಗೆ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ. ಪೀಣ್ಯದ ಒಂದು ಸಣ್ಣ ಶೆಡ್‌ನವರು ಒಂದು ಲಕ್ಷದ ಕಬ್ಬಿಣ ಕೊಂಡು ಶೇ. 18ರ ತೆರಿಗೆ ಕೊಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಆ ಬಿಲ್ 2ಬಿಯಲ್ಲಿ ಇಲ್ಲದಿದ್ದರೆ ಈ ತಿಂಗಳು ಹದಿನೆಂಟು ಸಾವಿರ ಕೈಯಿಂದ ಕಟ್ಟಬೇಕು. ಎರಡು ಲೇತ್ ಇಟ್ಟುಕೊಂಡು ನಡೆಸುವವರಿಗೆ ಅದು ಒಬ್ಬ ಹುಡುಗನ ಸಂಬಳ. 15ಕ್ಕೇ ನಾವು ಕಂಡುಹಿಡಿದು ಹೇಳಿದರೆ ಅವರು ಸಪ್ಲೈಯರ್‌ಗೆ ಫೋನ್ ಮಾಡಿ ವಿಚಾರಿಸಬಹುದು, ದುಡ್ಡು ಹೊಂದಿಸಿಕೊಳ್ಳಬಹುದು. 20ರ ಸಂಜೆ ಹೇಳಿದರೆ ಏನು ಪ್ರಯೋಜನ?

ಹೊಸಬರಿಗೆ ನಾನು ಮೊದಲ ವಾರ ಟ್ಯಾಲಿ ಕೊಡುವುದಿಲ್ಲ. ಪಾರ್ಟಿಗಳ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಚಿಕ್ಕಪೇಟೆಯ ಸೀರೆ ಅಂಗಡಿ ನೋಡಿದ ಹುಡುಗಿಗೆ ಅದರ ಪರ್ಚೇಸ್ ರಿಜಿಸ್ಟರ್ ಬರೀ ಅಂಕಿಯಾಗಿ ಉಳಿಯುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲಿನ ತಿಂಗಳು ಬಿಲ್‌ಗಳು ಯಾಕೆ ರಾಶಿ ಬೀಳುತ್ತವೆ ಎಂದು ಅವಳಿಗೆ ಹೇಳಿಕೊಡಬೇಕಿಲ್ಲ. ಒಂದು ಸಲ ಹೀಗೇ ಒಬ್ಬಳು ಬಂದು, "ಅಕ್ಕಾ, ಈ ಅಂಗಡಿಯವ್ರು ಪ್ರತಿ ತಿಂಗಳೂ ಕಂಚಿಯಿಂದ ತರಿಸ್ತಿದ್ರು, ಈ ಸಲ ಒಂದೂ ಬಿಲ್ ಇಲ್ವಲ್ಲ?" ಎಂದು ಕೇಳಿದಳು. ವಿಚಾರಿಸಿದರೆ ಬಿಲ್‌ಗಳ ಒಂದು ಕಟ್ಟೇ ನಮಗೆ ಬಂದಿರಲಿಲ್ಲ. ರಿಜಿಸ್ಟರಿನ ಕಡೆಯಿಂದ ಹಾಕಿದ ವಿ-ಲುಕಪ್ ರಿಜಿಸ್ಟರಿನಲ್ಲೇ ಇಲ್ಲದ ಸಾಲನ್ನು ಹೀಗೆ ನೆನಪು ಮಾಡಿಕೊಡುವುದಿಲ್ಲ. ಆ ಅಂಗಡಿಯನ್ನು ಅವಳು ಬಲ್ಲಳು, ಅದಕ್ಕೇ ಕಂಡಿತು.

ಹೂಗೊ ಮನ್‌ಸ್ಟರ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 1913ರಲ್ಲಿ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದಾರೆ. ವಿದ್ಯುತ್ ಬಲ್ಬುಗಳನ್ನು ತೆಳು ಕಾಗದದಲ್ಲಿ ಸುತ್ತುವುದು ಆಕೆಯ ಕೆಲಸ. ದಿನಕ್ಕೆ ಸುಮಾರು 13,000 ಬಲ್ಬು, ವರ್ಷಗಟ್ಟಲೆ. ಬೇಸರವಾಗುವುದಿಲ್ಲವೇ ಎಂದು ಕೇಳಿದರೆ, ಕೆಲಸ ನಿಜಕ್ಕೂ ಇಷ್ಟ ಎಂದಳಂತೆ. ಮುಂದಿನ ಬಿಡುವಿನೊಳಗೆ ಎಷ್ಟು ಪೆಟ್ಟಿಗೆ ತುಂಬಬಹುದು ಎಂಬ ಲೆಕ್ಕ, ಬಲ್ಬನ್ನು ಒಮ್ಮೆ ಹೀಗೆ ಹಿಡಿಯುವುದು, ಒಮ್ಮೆ ಹಾಗೆ. ಗಮನಿಸಲು ಏನಾದರೂ ಇದ್ದೇ ಇರುತ್ತದೆ ಎಂದು ಆಕೆ ಹೇಳಿದಳು. ಈ ಹೆಂಗಸನ್ನು ನಾನು ಪೂರ್ತಿ ನಂಬುತ್ತೇನೆ. ಹೊರಗಿನಿಂದ ನೋಡುವವರಿಗೆ ಮಾತ್ರ ಎಲ್ಲ ಸಾಲೂ ಒಂದೇ.

ಆದರೆ ಆಕೆಯ ಮಾತನ್ನು ಮಾಲೀಕರು ತಮಗೆ ಬೇಕಾದ ಹಾಗೆ ಎಳೆದುಕೊಳ್ಳಬಾರದು. ಅವಳು ಖುಷಿಯಾಗಿದ್ದಾಳಲ್ಲ, ಇನ್ನೂ ಎರಡು ಸಾವಿರ ಸುತ್ತಲಿ ಎಂದು ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು. ಎಷ್ಟು ತುಂಬಬೇಕು ಎಂಬ ಲೆಕ್ಕ ಅವಳದಾಗಿದ್ದಾಗ ಅದು ಆಟ. ಸೂಪರ್‌ವೈಸರ್ ಕೈಗೆ ಹೋದರೆ ಅದೇ ಟಾರ್ಗೆಟ್.

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಸೆಕ್ಷನ್‌ನಲ್ಲಿದ್ದಾರೆ. ಹೊಲಿದು ಬಂದ ಅಂಗಿಯಲ್ಲಿ ಹೊಲಿಗೆ ಬಿಟ್ಟಿದೆಯಾ, ಎಣ್ಣೆ ಕಲೆ ಇದೆಯಾ, ದಾರ ನೇತಾಡುತ್ತಿದೆಯಾ ಎಂದು ನೋಡಬೇಕು. ದಿನವಿಡೀ ನಿಂತೇ ನೋಡಬೇಕು. ಪೂರ್ತಿ ಕಣ್ಣಿನ ಕೆಲಸ. ಅದರ ಮೇಲೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೇರೆ. ಹೇಗೆ ಮಾಡುತ್ತೀರಿ ಅಕ್ಕಾ ಎಂದು ಒಂದು ಭಾನುವಾರ ಕೇಳಿದೆ. ಅವರು ನನ್ನ ಚೂಡಿದಾರದ ಮೇಲೇ ತೋರಿಸಿಕೊಟ್ಟರು. ಯಾವಾಗಲೂ ಕಾಲರಿನಿಂದಲೇ ಶುರು. ಆಮೇಲೆ ಗುಂಡಿ ಪಟ್ಟಿ, ತೋಳು, ಪಕ್ಕದ ಹೊಲಿಗೆ, ಕೊನೆಗೆ ಕೆಳಗಿನ ಮಡಿಕೆ. ಪ್ರತಿ ಜಾಗವನ್ನೂ ಬೆರಳಿಂದ ಮುಟ್ಟುತ್ತಾರೆ. "ಕಣ್ಣು ಮೋಸ ಮಾಡುತ್ತೆ ಕಣಮ್ಮ, ಬೆರಳು ಮಾಡಲ್ಲ" ಎಂದರು. ಯಾರೂ ಅವರಿಗೆ ಕಲಿಸಿದ್ದಲ್ಲ.

ಮ್ಯಾಕ್‌ವರ್ತ್ ಪ್ರಯೋಗದ ಅರ್ಧ ಗಂಟೆಯ ಬಗ್ಗೆಯೂ ಅವರಿಗೆ ಹೇಳಿದೆ. ಯುರೋಪಿನ ವಿಮಾನ ನಿಲ್ದಾಣಗಳಲ್ಲಿ ಎಕ್ಸ್‌ರೇ ನೋಡುವವರು ಒಂದೇ ಸಮನೆ 20 ನಿಮಿಷಕ್ಕಿಂತ ಜಾಸ್ತಿ ಪರದೆ ನೋಡುವ ಹಾಗಿಲ್ಲ, ಅದು ಅಲ್ಲಿನ ನಿಯಮ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಪಕ್ಕದ ಟೇಬಲ್‌ನಲ್ಲಿ ಅಂಗಿ ಮಡಚಿ ಪ್ಯಾಕ್ ಮಾಡುವವರಿದ್ದಾರೆ, ಅವರ ಜೊತೆ ಗಂಟೆಗೊಮ್ಮೆ ಜಾಗ ಬದಲಾಯಿಸಿಕೊಂಡರೂ ಸಾಕಾಗುತ್ತಿತ್ತು ಎಂದರು. ಅದು ಕೈ ಕೆಲಸ, ಇದು ಕಣ್ಣಿನ ಕೆಲಸ. ಇಬ್ಬರಿಗೂ ಒಳ್ಳೆಯದು, ತಪ್ಪು ಪೀಸೂ ಕಡಿಮೆ ಹೋಗುತ್ತದೆ. ಇದಕ್ಕೆ ಹೊಸ ಮೆಷಿನ್ ಬೇಡ, ಖರ್ಚಿಲ್ಲ. ಫ್ಲೋರ್‌ನಲ್ಲಿ ಯಾರಾದರೂ ಒಪ್ಪಬೇಕು, ಅಷ್ಟೇ. ಮುಂದಿನ ತಿಂಗಳು ಅವರ ಕಮಿಟಿ ಮೀಟಿಂಗ್ ಇದೆ. ಕೇಳುತ್ತೇನೆ ಎಂದಿದ್ದಾರೆ. ಅದಕ್ಕೊಂದು ಅರ್ಜಿ ಬರೆದುಕೊಡು ಎಂದರು, ಬರೆದುಕೊಟ್ಟಿದ್ದೇನೆ.